ಇಲ್ಲದ ಸೀಗಿಹಳ್ಳವನ್ನು ಹುಡುಕಿಕೊಂಡು

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸಪ್ತಾಪುರದ ಮನೆಗೆ ಕೀಲಿ ಹಾಕಿ ಹೊರಬಿದ್ದೆ. ಹೆಗಲ ಚೀಲದಲ್ಲಿ ನೀರಿನ ಬಾಟಲಿ, ಭೂತಗನ್ನಡಿ, ಹಳೆಯ ದಿನಪತ್ರಿಕೆಗಳ ಒಂದು ಕಟ್ಟು, ಎರಡು ರಟ್ಟು, ಅವನ್ನು ಬಿಗಿಯಲು ಒಂದು ಪಟ್ಟಿ ಇದ್ದವು. ಎದುರಿನ ಬಾಡಿಗೆ ಖೋಲಿಯ ಹುಡುಗಿಯರು ಸ್ಕೂಟಿ ಒರೆಸುತ್ತಿದ್ದರು. ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಹುಬ್ಬಳ್ಳಿಗೆ ಎಂದೆ. ಅಲ್ಲಿ ರದ್ದಿಗೆ ಹೆಚ್ಚು ರೇಟು ಸಿಗುತ್ತದೇನು ಎಂದು ಒಬ್ಬಳು ನಕ್ಕಳು. ಮೂವತ್ತು ವರ್ಷ ಇದೇ ಚೀಲ ಹೊತ್ತು ತಿರುಗಿದವಳಿಗೆ ಇಂಥ ಮಾತು ಹೊಸದಲ್ಲ. ಹೌದು, ತೂಕದ ಮೇಲೆ ಕೊಡುತ್ತಾರೆ ಎಂದು ಹೇಳಿ ನಡೆದೆ.

ನನ್ನ ಕಸುಬು ಗಿಡಗಳ ವರ್ಗೀಕರಣ. ಯಾವ ಗಿಡ ಯಾವ ಕುಲದ್ದು, ಅದರ ಸರಿಯಾದ ಹೆಸರೇನು, ಎರಡು ಹೆಸರಿನ ಗಿಡಗಳು ನಿಜವಾಗಿ ಒಂದೆಯೋ ಎರಡೋ ಎಂದು ತೀರ್ಪು ಕೊಡುವುದು. ಕಾಲೇಜಿನಲ್ಲಿ ಉಳಿದವರೆಲ್ಲ ಜೀವಕೋಶ, ರಸಾಯನ ಎಂದು ಹೊಸ ಹೊಸ ಯಂತ್ರಗಳ ಹಿಂದೆ ಹೋದಾಗ ನಾವು ಮೂರ್ನಾಲ್ಕು ಜನ ಒಣಗಿದ ಎಲೆಗಳ ನಡುವೆ ಉಳಿದೆವು. ನಮ್ಮ ಕೋಣೆಗೆ ಹುಲ್ಲಿನ ಬಣವಿ ಎಂದು ಹೆಸರಿಟ್ಟಿದ್ದರು. ಹುಲ್ಲು ಕೀಳಲಿಕ್ಕೆ ಡಾಕ್ಟರೇಟ್ ಯಾಕೆ ಬೇಕು ಎಂದು ನನ್ನ ಅವ್ವ ಸಾಯುವ ತನಕ ಕೇಳಿದಳು.

ಈ ಪ್ರವಾಸಕ್ಕೆ ಕಾರಣವಾದದ್ದು ಅಂಥದೇ ಒಂದು ತೀರ್ಪು. ನನ್ನ ಗುರುಗಳಾದ ಕುಂದರಗಿ ಸರ್ ತಮ್ಮ ಜೀವಮಾನದಲ್ಲಿ ಒಂದೇ ಒಂದು ಹೊಸ ಗಿಡಕ್ಕೆ ಹೆಸರಿಟ್ಟಿದ್ದರು. ಕಾಯಿ ಒಣಗಿದ ಮೇಲೆ ಒಳಗಿನ ಬೀಜ ಸಪ್ಪಳ ಮಾಡುವುದರಿಂದ ಹಳ್ಳಿಯವರು ಗಿಲಿಗಿಲಿ ಗಿಡ ಎನ್ನುತ್ತಾರಲ್ಲ, ಆ ಕುಲದ ಮೊಳದೆತ್ತರದ ಹಳದಿ ಹೂವಿನ ಗಿಡ. ಸಾಮಾನ್ಯ ಗಿಲಿಗಿಲಿ ಒಂದು ಮಳೆಗಾಲದಲ್ಲಿ ಹುಟ್ಟಿ ಸಾಯುತ್ತದೆ. ತಮ್ಮದು ಅದೇ ಬುಡದಿಂದ ವರ್ಷವರ್ಷ ಚಿಗುರುವ ಬಹುವಾರ್ಷಿಕ, ಹೂವಿನ ಬಟ್ಟಲಿನ ಮೇಲೆ ಕಂದು ರೋಮ ಇದೆ, ಆದ್ದರಿಂದ ಇದು ಬೇರೆ ಜಾತಿ ಎಂದು ಅವರು ಬರೆದಿದ್ದರು. ಆದರೆ ಆಧಾರಕ್ಕೆ ಉಳಿದಿದ್ದದ್ದು ಒಣಗಿಸಿದ ಮಾದರಿಯ ಒಂದೇ ಹಾಳೆ. ಅದರ ಮೇಲೆ ಹೊಲಿದದ್ದು ಬೇರಿಲ್ಲದ ಒಂದು ಟೊಂಗೆ.

ಸರ್ ಆಗ ಬೇರೆ ಊರಿಗೆ ವರ್ಗವಾಗಿದ್ದರು. ನಾನು ಹೊಸದಾಗಿ ಕಲಿತು ಬಂದವಳು, ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಬೇರಿಲ್ಲದೆ ಬಹುವಾರ್ಷಿಕ ಎನ್ನುವುದು ಕೇಳಿದ ಮಾತಿನ ಮೇಲೆ ಕಟ್ಟಿದ ವಿಜ್ಞಾನ, ಮಾದರಿ ಅಪೂರ್ಣ, ಸಂಗ್ರಹದಲ್ಲಿ ಅಜಾಗರೂಕತೆ ಎದ್ದು ಕಾಣುತ್ತದೆ ಎಂದೆಲ್ಲ ಬರೆದು ಆ ಹೆಸರನ್ನು ಸಾಮಾನ್ಯ ಗಿಲಿಗಿಲಿಯೊಳಗೆ ಸೇರಿಸಿಬಿಟ್ಟೆ. ಹಾಗೆ ಸೇರಿಸಿದರೆ ಹೆಸರು ಸತ್ತಂತೆಯೇ. ಆ ಲೇಖನದ ಬಲದಿಂದ ನನಗೆ ನೌಕರಿ ಸಿಕ್ಕಿತು. ಸರ್ ಅದನ್ನು ಓದಿ ಛಲೋ ಬರೆದಿದ್ದೀರಿ ಎಂದು ಒಂದು ಕಾರ್ಡು ಹಾಕಿದರು. ಗಿಡದ ಬಗ್ಗೆ ಹಾಳೆ ಮಾತಾಡಬೇಕು, ತಂದವನು ವಾದ ಮಾಡಬಾರದು ಎಂಬುದು ಅವರ ನಿಯಮವಾಗಿತ್ತು.

ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಅದಕ್ಕೆ ಕೆಲವು ತಿಂಗಳ ಮೊದಲು ನೋಡಲು ಹೋದಾಗ, ಆ ಗಿಡ ಇದ್ದಲ್ಲಿಗೆ ಒಮ್ಮೆಯಾದರೂ ಹೋಗಿದ್ದಿರಾ ಎಂದು ಮೆಲ್ಲಗೆ ಕೇಳಿದ್ದರು. ಎರಡು ಸಲ ಹೋಗಿದ್ದೆ ಸರ್, ಅಲ್ಲಿ ಅಂಥದ್ದೇನೂ ಇಲ್ಲ ಎಂದೆ. ಅವರು ತಲೆಯಾಡಿಸಿ ಚಹಾ ತರಿಸಿದರು. ಈಗ ನಮ್ಮ ಭಾಗದ ಸಸ್ಯಗಳ ದೊಡ್ಡ ಕೋಶವೊಂದು ಅಚ್ಚಿಗೆ ಸಿದ್ಧವಾಗಿದೆ. ಗಿಲಿಗಿಲಿ ಕುಲದ ಪುಟಗಳು ನನ್ನವು. ಶುಕ್ರವಾರ ಮಧ್ಯಾಹ್ನದೊಳಗೆ ಕೊನೆಯ ತಿದ್ದುಪಡಿ ಕಳಿಸಬೇಕು, ಆಮೇಲೆ ಅಚ್ಚಾದದ್ದೇ ಕಾಯಂ. ಸರ್ ಇಟ್ಟ ಹೆಸರಿನ ಮುಂದೆ ಅಲ್ಲಿಯೂ ನನ್ನದೇ ತೀರ್ಪು ಕುಳಿತಿತ್ತು. ಕರಡು ಓದುವಾಗ ಆ ಸಾಲಿಗೆ ಬಂದು ನಿಂತವಳು ಮುಂದಕ್ಕೆ ಹೋಗಲಾರದೆ ಕೂತೆ.

ನಾನು ಎರಡು ಸಲ ಹೋಗಿದ್ದು ಸುಳ್ಳಲ್ಲ. ಆದರೆ ಎಲ್ಲಿಗೆ ಹೋಗಿದ್ದೆ ಎಂಬುದೇ ಪ್ರಶ್ನೆ. ಹಾಳೆಯ ಮೂಲೆಯ ಚೀಟಿಯಲ್ಲಿ, ಸ್ಥಳ ಎಂಬ ಕಡೆ, ಇಂಗ್ಲಿಷ್ ಟೈಪಿನಲ್ಲಿ ಬೆಟಗೇರಿ ಎಂದಿತ್ತು. ಅದರ ಮುಂದೆ ಸೀಗಿ, ಆಮೇಲೆ ಎಚ್ ಎಂಬ ಒಂಟಿ ಅಕ್ಷರ ಮತ್ತು ಚುಕ್ಕಿ. ತಾರೀಖು ಡಿಸೆಂಬರಿನದು. ಎಚ್ ಎಂದರೆ ಹಳ್ಳ, ಸೀಗಿಹಳ್ಳ ಎಂದು ನಾನು ಓದಿಕೊಂಡೆ. ಗದಗದ ಬೆಟಗೇರಿಯ ಸುತ್ತ ಒಂದು ಡಿಸೆಂಬರ್, ಉಪ್ಪಿನಬೆಟಗೇರಿಯ ಸುತ್ತ ಇನ್ನೊಂದು ಡಿಸೆಂಬರ್ ಹಳ್ಳದ ದಂಡೆಗಳನ್ನು ತುಳಿದೆ. ಸೀಗಿಹಳ್ಳ ಎಂಬುದು ನಕಾಶೆಯಲ್ಲೂ ಇರಲಿಲ್ಲ, ಜನರ ಬಾಯಲ್ಲೂ ಇರಲಿಲ್ಲ.

ಆ ಗಿಡ ತಂದ ದಿನ ಸರ್ ಜೊತೆ ಜೀಪು ಓಡಿಸಿಕೊಂಡು ಹೋದ ಮೌಲಾಸಾಬ್ ಇನ್ನೂ ಇದ್ದಾರೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮಗನ ಗ್ಯಾರೇಜಿನಲ್ಲಿ ಕೂಡುತ್ತಾರೆ ಎಂದು ಕಳೆದ ವಾರವಷ್ಟೆ ಹಳೆಯ ಗುಮಾಸ್ತರೊಬ್ಬರಿಂದ ತಿಳಿಯಿತು. ಅವರನ್ನು ಕೇಳದೆ ಆ ಸಾಲು ಅಚ್ಚಿಗೆ ಹೋಗಬಾರದು ಎಂದು ನಿಶ್ಚಯಿಸಿದೆ. ಬಸ್ಸಿನಲ್ಲಿ ನಮಗೆ ಹೆಂಗಸರಿಗೆ ಪುಕ್ಕಟೆ ಚೀಟಿ. ಇಪ್ಪತ್ತು ಕಿಲೋಮೀಟರು ದಾಟಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಂದ ಆಟೊ ಹಿಡಿದು, ಕಾರ್ಖಾನೆಯ ಗೋಡೆಗಳು, ಟೈರ್ ಅಂಗಡಿಗಳು, ಹೊಸ ಅಪಾರ್ಟ್‌ಮೆಂಟುಗಳನ್ನು ದಾಟಿ ಗ್ಯಾರೇಜು ಮುಟ್ಟುವಾಗ ಹನ್ನೊಂದಾಗಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು.

ಮೌಲಾಸಾಬರಿಗೆ ಎಂಬತ್ತರ ಹತ್ತಿರ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸ್ಪಾನರ್. ಮಗ ಬೈಕು ಬಿಚ್ಚುತ್ತಿದ್ದರೆ ಇವರು ಸ್ಟೂಲಿನ ಮೇಲೆ ಕೂತು ತಪ್ಪು ಹೇಳುತ್ತಿದ್ದರು. ನನ್ನ ಗುರುತು ಹೇಳಿದ ಕೂಡಲೇ ಎದ್ದು ನಿಂತು ಇನ್ನೊಂದು ಸ್ಟೂಲು ತರಿಸಿದರು. ಹಾಳೆಯ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿ, ಚೀಟಿಯನ್ನು ದೊಡ್ಡದು ಮಾಡಿ, ಈ ಸೀಗಿಹಳ್ಳ ಯಾವ ಬೆಟಗೇರಿಯ ಹತ್ತಿರ ಬರುತ್ತದೆ ಕಾಕಾ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ನನ್ನ ಮುಖ ನೋಡಿದರು.

“ಬಾಯಾರ, ನೀವು ಧಾರವಾಡದವರ ಹೌದಲ್ರಿ?”

ಹೌದು, ಮೂರು ತಲೆಮಾರಿನಿಂದ ಎಂದೆ.

“ಮತ್ತ ಹಳ್ಳಾ ಎಲ್ಲಿಂದ ತಂದ್ರಿ? ಇದು ಊರ ಹೆಸರಲ್ಲ, ದಿನಾ. ಸೀಗಿ ಹುಣ್ಣಿವಿ. ಸಾಹೇಬ್ರು ಅಡವ್ಯಾಗ ತಾರೀಖ ಬರೀತಿದ್ದಿಲ್ಲ, ಹಬ್ಬಾ ಬರೀತಿದ್ರು. ಮನಿಗೆ ಬಂದು ಪಂಚಾಂಗ ನೋಡಿ ತಾರೀಖ ಹಾಕ್ಕೋತಿದ್ರು.”

ಸರ್ ವರ್ಗವಾಗಿ ಹೋದ ಮೇಲೆ ಅವರ ಟಿಪ್ಪಣಿ ನೋಡಿ ಚೀಟಿ ಟೈಪು ಮಾಡಿದವರು ಯಾರೋ, ಸೀಗಿ ಹುಣ್ಣಿಮೆಯನ್ನು ಸ್ಥಳದ ಕಡೆ ಸೇರಿಸಿ, ತಾರೀಖಿನ ಕಡೆ ತಾವು ಟೈಪು ಮಾಡಿದ ದಿನ ಹಾಕಿದ್ದರು. ಅದು ಆಫೀಸಿನ ಮಾಮೂಲಿ ತಪ್ಪು. ಆದರೆ ದಸರೆಯ ಬೆನ್ನಿಗೇ ಬರುವ ಸೀಗಿ ಹುಣ್ಣಿಮೆಗೆ ಪ್ರತಿ ವರ್ಷ ಅಜ್ಜನ ಹೊಲದಲ್ಲಿ ಹೊಟ್ಟೆ ಬಿರಿಯುವಷ್ಟು ಕಡಬು ತಿಂದು ಬೆಳೆದ ನಾನು, ಅದೇ ಶಬ್ದ ಇಂಗ್ಲಿಷ್ ಟೈಪಿನಲ್ಲಿ ಬಂದಾಗ ಅದನ್ನು ಗುರುತು ಹಿಡಿಯಲಿಲ್ಲ. ಧಾರವಾಡದಾಕೆಗೆ ಇದನ್ನೂ ಬಿಡಿಸಿ ಹೇಳಬೇಕೆ ಎಂದು ಸರ್ ಸುಮ್ಮನಿದ್ದಿರಬೇಕು. ಹೂ ಬಿಡುವ ಹೊತ್ತು ಮುಗಿದು ಎರಡು ತಿಂಗಳಾದ ಮೇಲೆ, ಇಲ್ಲದ ಹಳ್ಳದ ದಂಡೆಯಲ್ಲಿ ನಾನು ಗಿಡ ಹುಡುಕಿದ್ದೆ. ಅಲ್ಲಿ ಏನೂ ಇಲ್ಲ ಎಂದು ಸಾಯುವ ಮನುಷ್ಯನಿಗೆ ಹೇಳಿ ಬಂದಿದ್ದೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಊರು ಉಪ್ಪಿನಬೆಟಗೇರಿ ಎಂಬುದರಲ್ಲಿ ಮೌಲಾಸಾಬರಿಗೆ ಅನುಮಾನವೇ ಇರಲಿಲ್ಲ. ಒಂದು ಬನ್ನಿ ಗಿಡದ ಕೆಳಗೆ ಯಾರೋ ರೈತರು ಕರೆದು ಊಟ ಹಾಕಿದ್ದರು, ಬಾಜೂಕೇ ಕಲ್ಲು ಕಟ್ಟಿದ ಬಾವಿಯಿತ್ತು, ಕಡಬಿನ ಒಳಗೆ ಏಲಕ್ಕಿ ಹೆಚ್ಚಾಗಿತ್ತು ಎಂದರು. ಹೊಲ ಯಾರದೆಂದು ಗೊತ್ತಿಲ್ಲ, ದಾರಿ ಮಾತ್ರ ನೆನಪಿದೆ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸೀಗಿ ಹುಣ್ಣಿಮೆ ಬರುವ ಗುರುವಾರವೇ ಇತ್ತು. ಶುಕ್ರವಾರ ಮಧ್ಯಾಹ್ನಕ್ಕೆ ನನ್ನ ಗಡುವು. ಮೌಲಾಸಾಬರೂ ಕ್ಯಾಲೆಂಡರ್ ನೋಡುತ್ತಿದ್ದರು. ನಾನು ಕೇಳುವ ಮೊದಲೇ ಮಗನಿಗೆ ಹೇಳಿದರು, ಬೇಸ್ತವಾರ ನಾನು ಗ್ಯಾರೇಜಿನ್ಯಾಗ ಇರಾಂಗಿಲ್ಲ ಎಂದು.

ಗುರುವಾರ ಮುಂಜಾನೆ ಎಂಟರ ಬಸ್ಸಿಗೆ ಧಾರವಾಡದ ನಿಲ್ದಾಣದಲ್ಲಿ ಕೂಡಿದೆವು. ಅವರು ಬೆಳಗಿನ ನಮಾಜು ಮುಗಿಸಿ ಹುಬ್ಬಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಕಂಡಕ್ಟರು ನನಗೆ ಶೂನ್ಯದ ಚೀಟಿ, ಅವರಿಗೆ ರೊಕ್ಕದ ಚೀಟಿ ಹರಿದುಕೊಟ್ಟ. ಸರಕಾರ ಗಡ್ಡ ನೋಡಿ ರೊಕ್ಕ ಇಸಿದುಕೊಳ್ಳುತ್ತದೆ ಎಂದು ಮೌಲಾಸಾಬ್ ಹೇಳಿದ್ದಕ್ಕೆ ಬಸ್ಸಿನ ಹೆಂಗಸರೆಲ್ಲ ನಕ್ಕರು. ಅಂದು ಬಸ್ಸು ತುಂಬ ಬುಟ್ಟಿಗಳೇ ಇದ್ದವು. ಹಬ್ಬಕ್ಕೆ ತವರಿಗೆ ಹೊರಟವರು, ಹೊಲವಿದ್ದ ನೆಂಟರ ಮನೆಗೆ ಹೊರಟವರು. ಊರು ದಾಟಿದ ಮೇಲೆ ಎರಡೂ ಕಡೆ ಕಪ್ಪು ಎರೆ ಹೊಲಗಳು, ಹತ್ತಿ, ಗೋವಿನಜೋಳ, ಸೋಯಾ ಕೊಯ್ದ ಬಯಲು. ಹದಿನೆಂಟು ಕಿಲೋಮೀಟರಿಗೆ ಒಂದು ಗಂಟೆಯ ಮೇಲೆ ತೆಗೆದುಕೊಂಡಿತು, ಯಾಕೆಂದರೆ ಬಸ್ಸು ಕೈಮಾಡಿದವರಿಗೆಲ್ಲ ನಿಂತಿತು.

ಉಪ್ಪಿನಬೆಟಗೇರಿ ಹಳ್ಳಿಯೆಂದರೂ ಸಣ್ಣದಲ್ಲ. ಬಸ್ಸು ಇಳಿದಲ್ಲಿ ಹೋಟೆಲುಗಳು, ಬೀಜ ಗೊಬ್ಬರದ ಅಂಗಡಿಗಳು ಸಾಲಾಗಿವೆ. ಚಹಾ ಕುಡಿದು, ಮೌಲಾಸಾಬ್ ತೋರಿಸಿದ ಬಂಡಿದಾರಿ ಹಿಡಿದೆವು. ಶೃಂಗಾರ ಮಾಡಿದ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಜನರನ್ನು ತುಂಬಿಕೊಂಡು ನಮ್ಮನ್ನು ದಾಟಿ ಹೋದವು. ಎರಡು ಕಿಲೋಮೀಟರು ನಡೆದ ಮೇಲೆ ಅವರು ಒಂದು ಬನ್ನಿ ಗಿಡ ತೋರಿಸಿ ಇದೇ ಎಂದರು. ಹತ್ತಿರ ಹೋಗಿ ನೋಡಿದರೆ ಬೊಡ್ಡೆಯ ತನಕ ಕಳೆನಾಶಕ ಹೊಡೆದು ನೆಲವನ್ನು ಬೋಳು ಮಾಡಿದ್ದರು. ಒಂದು ಹಸಿರು ಎಲೆ ಇರಲಿಲ್ಲ.

ನಾನು ಬದುವಿನ ಮೇಲೆ ಕೂತುಬಿಟ್ಟೆ. ಮೌಲಾಸಾಬ್ ಕೂಡಲಿಲ್ಲ. ಹೊಲದ ಸುತ್ತ ಒಂದು ಸುತ್ತು ಹಾಕಿ ಬಂದು, ಇಲ್ಲಿ ಬಾವಿ ಇಲ್ಲ, ಮುಚ್ಚಿದ ಗುರುತೂ ಇಲ್ಲ, ಇದು ಆ ಗಿಡ ಅಲ್ಲ ಎಂದರು. ಅವರ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆಯಾಗಿತ್ತು, ಆದರೆ ಹಿಂತಿರುಗುವ ಮನಸ್ಸಿರಲಿಲ್ಲ. ಕತ್ತಲಾಗುವ ತನಕ ಈ ಸೀಮೆಯ ಬನ್ನಿ ಗಿಡಗಳನ್ನೆಲ್ಲ ನೋಡಿಯೇ ಹೋಗುವುದು ಎಂದು ಎದ್ದೆ. ಎರಡನೆಯದರ ಕೆಳಗೆ ಹತ್ತಿಯ ಸಾಲು ಬೊಡ್ಡೆಗೇ ಮುಟ್ಟಿತ್ತು. ಮೂರನೆಯದು ಒಣಗಿ ನಿಂತಿತ್ತು. ನಾಲ್ಕನೆಯದರ ಕೆಳಗೆ ಒಂದು ಕುಟುಂಬ ಪೂಜೆಗೆ ಕೂತಿತ್ತು, ಪಕ್ಕದಲ್ಲಿ ಜಾಲಿ ಮುಳ್ಳು ಮುಚ್ಚಿದ ಹಾಳು ಬಾವಿಯಿತ್ತು.

ಮೌಲಾಸಾಬ್ ನನ್ನ ಕಡೆ ನೋಡಿ ಗಡ್ಡ ಸವರಿಕೊಂಡರು. ಆ ಮನೆಯ ಯಜಮಾನಿ ನೀಲವ್ವ, ಐವತ್ತೈದರ ಗಟ್ಟಿ ಹೆಂಗಸು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಆ ದಿನ ದಾರಿಹೋಕರನ್ನು ಉಣಿಸದೆ ಕಳಿಸುವ ಪದ್ಧತಿ ಇಲ್ಲ. ಯಾರು, ಎಲ್ಲಿಯವರು ಎಂದು ಕೇಳುವ ಮೊದಲೇ ಕೂಡ್ರಿ ಎಂದಳು. ಆಕೆಯ ಗಂಡ ಬಸಪ್ಪ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಸುಣ್ಣ ಹಚ್ಚುತ್ತಿದ್ದ. ಆ ಕಲ್ಲುಗಳ ಹಿಂದೆ ನೆಲ ಉಳುಮೆ ಕಂಡಿರಲಿಲ್ಲ. ಅಲ್ಲಿ ಹುಲ್ಲಿನ ನಡುವೆ ಮೊಳದೆತ್ತರದ ಹಳದಿ ಹೂಗಳು ನಿಂತಿದ್ದವು.

ನಾನು ಮೊಣಕಾಲೂರಿ ಬಗ್ಗಿದೆ. ನೀಲವ್ವ ನನ್ನ ಭಕ್ತಿಗೆ ಮೆಚ್ಚಿ ವಿಭೂತಿ ತಂದು ಹಚ್ಚಿದಳು. ಭೂತಗನ್ನಡಿ ಹಿಡಿದು ನೋಡಿದರೆ ಹೂವಿನ ಬಟ್ಟಲಿನ ಮೇಲೆ ಕಂದು ರೋಮ, ಸರ್ ಬರೆದ ಹಾಗೇ, ಒತ್ತೊತ್ತಾಗಿ. ಒಟ್ಟು ಹನ್ನೊಂದು ಗಿಡಗಳಿದ್ದವು. ಅರ್ಧ ಮಾತು ನಿಜವಾಯಿತು. ಇನ್ನರ್ಧ, ಅದು ವರ್ಷವರ್ಷ ಅದೇ ಬುಡದಿಂದ ಏಳುತ್ತದೋ ಇಲ್ಲವೋ ಎಂಬುದು ಮಣ್ಣಿನ ಕೆಳಗಿತ್ತು. ರೋಮ ಇಂಥ ಕುಲದಲ್ಲಿ ಗಿಡದಿಂದ ಗಿಡಕ್ಕೆ ಹೆಚ್ಚು ಕಡಿಮೆ ಆಗಬಹುದು ಎಂದು ನಾನೇ ನನ್ನ ಲೇಖನದಲ್ಲಿ ವಾದಿಸಿದ್ದೆ. ಬೇರು ಕಂಡರೆ ಮಾತ್ರ ಆ ವಾದ ಬೀಳುತ್ತಿತ್ತು. ಚೀಲದ ಬದಿಯ ಕಿಸೆಯಿಂದ ಮಣ್ಣು ಕೆದಕುವ ಕುರ್ಪಿ ತೆಗೆದೆ.

ನೀಲವ್ವ ನನ್ನ ಮುಂಗೈ ಹಿಡಿದಳು. ಜೋರಾಗಿ ಅಲ್ಲ, ಆದರೆ ಬಿಡುವ ಹಿಡಿತವಲ್ಲ.

“ಇವತ್ತ ಬ್ಯಾಡ್ರಿ ಅಕ್ಕಾರ. ಭೂಮಿತಾಯಿ ಬಸರದಾಳ. ಬಯಕಿ ಊಟಾ ಹಾಕಾಕ ಬಂದು ಆಕಿ ಮೈಯಾಗ ಕಬ್ಬಣಾ ಚುಚ್ಚತಾರೇನ್ರಿ?”

ಈ ಹಬ್ಬದ ಅರ್ಥ ನನಗೆ ಗೊತ್ತಿಲ್ಲದ್ದಲ್ಲ. ಪೈರು ಹೊತ್ತ ನೆಲ ಬಸುರಿ, ಆಕೆಯ ಬಯಕೆ ತೀರಿಸಲು ಬಗೆಬಗೆಯ ಅಡುಗೆ ಮಾಡಿ, ಅದರ ತುತ್ತುಗಳನ್ನು ಚರಗವೆಂದು ಹೊಲಕ್ಕೆಲ್ಲ ಚೆಲ್ಲುತ್ತಾರೆ. ಅಂದು ನೆಲ ಅಗೆಯುವುದಿಲ್ಲ. ಆದರೂ ನಾನು ವಾದಿಸಿದೆ. ನಾಳೆ ಮಧ್ಯಾಹ್ನಕ್ಕೆ ನನ್ನ ಗಡುವು ಮುಗಿಯುತ್ತದೆ, ಒಂದೇ ಗಿಡ, ಅಂಗೈಯಷ್ಟು ಮಣ್ಣು ಎಂದೆಲ್ಲ ಹೇಳಿದೆ. ನೀಲವ್ವ ಸಿಟ್ಟಾಗಲಿಲ್ಲ. ಬೇಕಿದ್ದರೆ ತುದಿಯ ಒಂದು ಟೊಂಗೆ ಉಗುರಿನಿಂದ ಚಿವುಟಿಕೊಳ್ಳಿ, ಬುಡಕ್ಕೆ ಕೈ ಹಚ್ಚಬೇಡಿ ಎಂದಳು. ಆಮೇಲೆ ಅಲ್ಲಿದ್ದವರಿಗೆಲ್ಲ ಎಂಬಂತೆ ಹೇಳಿದಳು:

“ನಮ್ಮತ್ತಿ ಇದ್ದಾಗ ಒಬ್ರು ಮಾಸ್ತರು ಜೀಪ ತಗೊಂಡು ಬಂದಿದ್ರಂತ. ಇದ ಗಿಡದ ಬೇರು ಕೇಳಿದ್ರಂತ. ಇವತ್ತ ಆಗಾಂಗಿಲ್ಲ, ನಾಳಿಗೆ ಬರ್ರಿ ಅಂದಿದ್ಲಂತ. ಒಂದು ಟೊಂಗಿ ತಗೊಂಡು ಕೈ ಮುಗದು ಹ್ವಾದ್ರಂತ. ಮತ್ತ ಬರಲೇ ಇಲ್ಲ ಅಂತ ಹೇಳ್ತಿದ್ಲು.”

ಕುರ್ಪಿಯನ್ನು ಕೆಳಗಿಟ್ಟೆ. ಅಜಾಗರೂಕತೆ ಎಂದು ನಾನು ಬರೆದದ್ದು ಇದನ್ನೇ. ಬೇರು ಸಮೇತ ತರದ ಹುಡುಗರ ಗಿಡಗಳನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದ ಮನುಷ್ಯ, ಒಬ್ಬ ಹೆಣ್ಣುಮಗಳ ಮಾತಿಗೆ ತಲೆಬಾಗಿ ಒಂದು ಟೊಂಗೆಯಷ್ಟೇ ಹಿಡಿದು ಬಂದಿದ್ದರು. ಅಪೂರ್ಣವಾಗಿದ್ದದ್ದು ಹಾಳೆಯಲ್ಲ, ನಾನು ಓದಿದ ರೀತಿ. ಮರುದಿನ ಯಾಕೆ ಬರಲಿಲ್ಲ ಎಂದು ಮೌಲಾಸಾಬರನ್ನು ಕೇಳಿದೆ. ಮರುದಿನ ಜೀಪನ್ನು ಇಲೆಕ್ಷನ್ ಕೆಲಸಕ್ಕೆ ಎಳೆದುಕೊಂಡು ಹೋದರು, ಅದು ವಾಪಸ್ಸು ಬರುವಷ್ಟರಲ್ಲಿ ಸಾಹೇಬರ ವರ್ಗದ ಆರ್ಡರು ಬಂದಿತ್ತು ಎಂದರು. ಆಗ ಸರ್ ಅವರಿಗೆ ಹೇಳಿದ್ದು ಒಂದೇ ಮಾತಂತೆ, ಇರಲಿ, ಗಿಡ ಎಲ್ಲಿಗೂ ಹೋಗುವುದಿಲ್ಲ.

ಉಂಡೆವು. ಖಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಕಡಬು, ಮೊಸರನ್ನ. ಏಲಕ್ಕಿ ಈಗಲೂ ಹೆಚ್ಚೇ ಇತ್ತು ಎಂದು ಮೌಲಾಸಾಬ್ ಪ್ರಮಾಣ ಮಾಡಿದರು. ಬಸಪ್ಪ ಮತ್ತು ಆತನ ಮಗಳು ಬುಟ್ಟಿ ಹೊತ್ತು ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲಿ ಬಂದರು. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಟೊಂಗೆ ಚಿವುಟಿಕೊಂಡು ಸಂಜೆಯ ಬಸ್ಸಿಗೆ ಹೋದರೆ ನಿಜದ ಅರ್ಧವನ್ನಷ್ಟೆ ಬರೆಯಬಹುದು. ಏನೂ ಬರೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸತ್ತವರು ಬಂದು ಕೇಳುವುದಿಲ್ಲ, ಬದುಕಿದವರಿಗೆ ಗಿಲಿಗಿಲಿ ಗಿಡದ ಹಂಗಿಲ್ಲ. ಈ ವಿಚಾರ ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನಾಳೆ ಹೊತ್ತು ಹುಟ್ಟುವ ತನಕ ನಿಮ್ಮ ಮನೆಯಲ್ಲಿ ಇರಬಹುದೇ ಎಂದು ನೀಲವ್ವನನ್ನು ಕೇಳಿದೆ. ಅದನ್ನು ಕೇಳುವುದೇನಿದೆ ಎಂಬಂತೆ ಆಕೆ ನನ್ನ ಚೀಲ ಎತ್ತಿ ಟ್ರ್ಯಾಕ್ಟರಿನಲ್ಲಿ ಇಟ್ಟಳು. ಮೌಲಾಸಾಬರಿಗೆ ಸಂಜೆಯ ಬಸ್ಸಿಗೆ ಹೋಗಿ ಎಂದರೆ ಕೇಳಲಿಲ್ಲ. ಬೇರು ನೋಡದೆ ಬಂದರೆ ಸಾಹೇಬರಿಗೆ ಏನು ಹೇಳಲಿ ಎಂದರು, ಸಾಹೇಬರು ಇನ್ನೂ ಇದ್ದಾರೇನೋ ಎಂಬ ಹಾಗೆ.

ಆ ರಾತ್ರಿ ಬೇಗನೆ ಮಲಗಿದೆವು. ನಸುಕಿನಲ್ಲಿ ಚಿತ್ತೆ ಮಳೆ ಒಂದು ತಾಸು ಬಡಿಯಿತು. ಎರೆಮಣ್ಣಿನ ಮಳೆ ಎಂದರೆ ಗೊತ್ತಿದ್ದವರಿಗೇ ಗೊತ್ತು. ಟ್ರ್ಯಾಕ್ಟರು ಹೊರಗೆ ಬರುವ ಮಾತೇ ಇಲ್ಲ. ಆರಕ್ಕೆ ನಾನು, ನೀಲವ್ವ, ಮೌಲಾಸಾಬ್ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೊರಟೆವು. ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಹತ್ತುತ್ತಿತ್ತು. ಒಂದೂವರೆ ಕಿಲೋಮೀಟರು ದಾಟಲು ಒಂದು ತಾಸಿನ ಮೇಲೆ ಬೇಕಾಯಿತು. ಎರಡು ಸಲ ನಾನು ಬಿದ್ದೆ. ಎಂಬತ್ತರ ಮನುಷ್ಯ ಒಮ್ಮೆಯೂ ಬೀಳಲಿಲ್ಲ, ಗೇರು ಬದಲಿಸುವುದು ಗೊತ್ತಿರಬೇಕು ಎಂದು ನನ್ನನ್ನು ಹಂಗಿಸಿದರು.

ಬನ್ನಿಯ ಕೆಳಗೆ ನೀಲವ್ವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಕುರ್ಪಿಯನ್ನು ನನ್ನ ಕೈಗೆ ಕೊಡದೆ ತಾನೇ ಹಿಡಿದಳು. ಹನ್ನೊಂದರಲ್ಲಿ ಅಂಚಿನದೊಂದನ್ನು ಆರಿಸಿದೆವು. ಹಸಿ ಮಣ್ಣು ಸಡಿಲಾಗಿತ್ತು. ಆಕೆ ಸುತ್ತ ಬಿಡಿಸುತ್ತ ಹೋದಳು, ಒಂದು ಗೇಣು, ಇನ್ನೊಂದು ಗೇಣು. ಸಾಮಾನ್ಯ ಗಿಲಿಗಿಲಿಯಾಗಿದ್ದರೆ ದಾರದಂಥ ಬೇರು ಆಗಲೇ ಮುಗಿಯಬೇಕಿತ್ತು. ಇದು ಮುಗಿಯಲಿಲ್ಲ. ಹೆಬ್ಬೆರಳಿಗಿಂತ ದಪ್ಪದ ಕಟ್ಟಿಗೆಯಂಥ ಬೊಡ್ಡೆ ಹೊರಬಂತು. ನೀರು ಹಾಕಿ ತೊಳೆದೆ. ಬೊಡ್ಡೆಯ ನೆತ್ತಿಯ ಮೇಲೆ ಹಿಂದಿನ ವರ್ಷಗಳ ಕಾಂಡ ಒಣಗಿ ಬಿದ್ದ ಮೋಟುಗಳು ಒತ್ತಾಗಿ ನಿಂತಿದ್ದವು. ಎಣಿಸಿದೆ. ಏಳಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಯಿತು, ಮುಂದೆ ಎಣಿಸಲಿಲ್ಲ.

“ಖರೇ ಆತೇನ್ರಿ?” ಮೌಲಾಸಾಬ್ ಕೇಳಿದರು.

ಖರೇ ಆಯಿತು ಎಂದೆ. ಅವರು ಬೊಡ್ಡೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. ಗಿಡವನ್ನು ಪತ್ರಿಕೆಯ ಹಾಳೆಗಳ ನಡುವೆ ಹಾಸಿ, ರಟ್ಟು ಇಟ್ಟು ಪಟ್ಟಿ ಬಿಗಿದ ಮೇಲೆ ನೀಲವ್ವನಿಗೆ ಉಳಿದ ಈ ಹತ್ತು ಗಿಡ ಬಿಟ್ಟರೆ ಈ ಜಾತಿ ಬೇರೆಲ್ಲೂ ಸಿಕ್ಕಿಲ್ಲ, ಹುಷಾರು ಎಂದು ಹೇಳಿದೆ. ಪಾಂಡವರ ಹಿಂದೆ ನೇಗಿಲು ಹೋಗುವ ಪದ್ಧತಿ ತಮ್ಮಲ್ಲಿ ಇಲ್ಲ, ಔಷಧ ಹೊಡೆಯುವವರಿಗೂ ಅಲ್ಲಿ ಕಾಲಿಡಲು ಬಿಡುವುದಿಲ್ಲ ಎಂದಳು. ಸಂಶೋಧನಾ ಕೇಂದ್ರಗಳ ಬೇಲಿಗಿಂತ ಆ ಮಾತಿನ ಮೇಲೆ ನನಗೆ ಹೆಚ್ಚು ಭರವಸೆ ಬಂತು.

ಊರೊಳಗೆ ಮೊಬೈಲಿಗೆ ಸರಿಯಾಗಿ ಸಿಗ್ನಲ್ ಬರಲಿಲ್ಲ. ಹನ್ನೊಂದೂವರೆಯ ಬಸ್ಸು ಹತ್ತಿ, ಊರು ದಾಟಿದ ಮೇಲೆ ಕೋಶದ ಸಂಪಾದಕ ಪ್ರಭಾಕರರಿಗೆ ಫೋನು ಹಚ್ಚಿದೆ. ಮೈಸೂರು ಕಡೆಯವರು, ನನಗಿಂತ ಚಿಕ್ಕವರು, ಒಳ್ಳೆಯವರು. ನಡೆದದ್ದನ್ನು ಹೇಳಿದೆ, ಬೇರಿನ ಫೋಟೊ ಕಳಿಸಿದೆ, ಪುಟ ತಡೆಯಲು ಹೇಳಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು. ಆಮೇಲೆ, ಹೊಸ ಮಾಹಿತಿ ದೊರೆತ ಹಿನ್ನೆಲೆಯಲ್ಲಿ ಹಿಂದಿನ ಅಭಿಪ್ರಾಯವನ್ನು ಪರಿಷ್ಕರಿಸಲಾಗಿದೆ ಎಂದು ಹಾಕೋಣವೇ ಮೇಡಂ, ಹಾಗೆ ಬರೆದರೆ ಯಾರಿಗೂ ಮುಜುಗರವಿಲ್ಲ ಎಂದರು. ನನ್ನ ಮರ್ಯಾದೆ ಉಳಿಸಲು ಹೇಳಿದ ಮಾತು ಎಂದು ನನಗೆ ಗೊತ್ತಾಯಿತು.

“ಮಾಹಿತಿ ಹೊಸಾದಲ್ಲ ಪ್ರಭಾಕರ. ಅದು ಚೀಟಿ ಮ್ಯಾಲೇ ಇತ್ತು, ನಾ ಓದಲಿಲ್ಲ. ಹಿಂದಿನ ತೀರ್ಪು ತಪ್ಪು ಅಂತನ ಬರೀರಿ. ತೀರ್ಪು ಯಾರದು ಅಂತ ನನ್ನ ಹೆಸರೂ ಪೂರ್ತಿ ಬರೀರಿ.”

ಅವರು ಇನ್ನೊಂದು ಸಲ ಕೇಳಿದರು, ನಾನು ಇನ್ನೊಂದು ಸಲ ಅದನ್ನೇ ಹೇಳಿದೆ. ಆ ಕಡೆ ಕೀಲಿಮಣೆಯ ಸಪ್ಪಳ ಕೇಳಿಸಿತು. ಬರೆದದ್ದನ್ನು ಓದಿ ಹೇಳಿದರು. ನನ್ನ ಹೆಸರಿನ ಪಕ್ಕದಲ್ಲಿ ತಪ್ಪು ಎಂಬ ಶಬ್ದ ಕೇಳುವುದು ಸುಲಭವಾಗಿರಲಿಲ್ಲ, ಆದರೆ ಕೇಳಿದ ಮೇಲೆ ಹಗುರಾಯಿತು. ಇನ್ನು ಕುಂದರಗಿ ಅವರ ಗಿಡದ ವರ್ಣನೆ ಉಳಿಯಿತು, ಅದನ್ನು ನೀವು ಹೊಸದಾಗಿ ಬರೆದುಕೊಡುತ್ತೀರಾ, ನಲವತ್ತು ವರ್ಷದ ಹಿಂದಿನದಲ್ಲವೇ, ಸಂಜೆಯ ತನಕ ಕಾಯುತ್ತೇನೆ ಎಂದರು.

ಬಸ್ಸು ತಿರುವಿನಲ್ಲಿ ವಾಲಿತು. ಮೌಲಾಸಾಬ್ ರಟ್ಟಿನ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ಅದುಮಿ ಹಿಡಿದು, ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಬ್ಯಾಡ್ರಿ,” ಎಂದೆ. “ಸರ್ ಬರೆದದ್ದನ್ನ ಹಾಂಗ ಹಾಕ್ರಿ. ಒಂದಕ್ಷರಾನೂ ತಿದ್ದಬ್ಯಾಡ್ರಿ.”